ಸೌಮ್ಯತ್ತಿಗೆ ಬಣ್ಣ ತೆಗೆದದ್ದು

ನಮ್ಮ ಸೌಮ್ಯತ್ತಿಗೆಗೆ ಹೊಟ್ಟೆಕಿಚ್ಚು ಬಂದರೆ ಮುಖ ಕೆಂಪಾಗುವುದಿಲ್ಲ, ದನಿ ಏರುವುದಿಲ್ಲ, ಪಾತ್ರೆ ಕುಕ್ಕುವುದಂತೂ ಇಲ್ಲವೇ ಇಲ್ಲ. ಅವಳು ಇನ್ನಷ್ಟು ಅಚ್ಚುಕಟ್ಟಾಗುತ್ತಾಳೆ. ಸೆರಗಿನ ನೆರಿಗೆ ಬಿಚ್ಚಿ ಮತ್ತೊಮ್ಮೆ ಪಿನ್ ಹಾಕುತ್ತಾಳೆ. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಒಂದೇ ಗೆರೆಗೆ ತಂದು ನಿಲ್ಲಿಸುತ್ತಾಳೆ. ಅಜ್ಜಂಪುರದ ಮನೆಗೆ ನಾನು ಹೋದಾಗ ಡಬ್ಬಿಗಳು ಹಾಗೆ ಸಾಲಾಗಿ ನಿಂತಿದ್ದರೆ, ಇವತ್ತು ಏನೋ ಆಗಿದೆ ಎಂದು ತಿಳಿದುಕೊಳ್ಳುತ್ತೇನೆ. ನಾನು ಆ ಮನೆಯ ಮಗಳು ಅಶ್ವಿನಿ, ಕಡೂರಿಗೆ ಕೊಟ್ಟವಳು. ಅತ್ತಿಗೆಯಾದರೂ ಸೌಮ್ಯ ವಯಸ್ಸಿನಲ್ಲಿ ನನ್ನ ಜೊತೆಯವಳು, ಹಾಗಾಗಿ ನಮ್ಮಿಬ್ಬರದು ಮೊದಲಿನಿಂದಲೂ ಏಕವಚನ.

ಸೌಮ್ಯ ತರೀಕೆರೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಡಂ. ನಮ್ಮ ದೊಡ್ಡಣ್ಣ ಕಾಂತರಾಜನ ಹೆಂಡತಿಯಾಗಿ ಬಂದು ಹದಿನೆಂಟು ವರ್ಷವಾಯಿತು. ಬೆಳಗ್ಗೆ ಎದ್ದು ರೊಟ್ಟಿ ತಟ್ಟಿ, ಪಲ್ಯ ಮಾಡಿ, ಅಪ್ಪನ ಬಿಪಿ ಮಾತ್ರೆಯನ್ನು ನೀರಿನ ಲೋಟದ ಪಕ್ಕ ಇಟ್ಟು, ಓಡಿಹೋಗಿ ತರೀಕೆರೆ ಬಸ್ಸು ಹಿಡಿಯುತ್ತಾಳೆ. ಸಂಜೆ ಬಂದವಳು ಚಪ್ಪಲಿ ಬಿಟ್ಟ ಕಾಲಲ್ಲೇ ಒಲೆಯ ಮುಂದೆ ನಿಲ್ಲುತ್ತಾಳೆ. ಅವಳ ಹೋಳಿಗೆಯಂಥ ಹೋಳಿಗೆ ನಮ್ಮ ಇಡೀ ಬಳಗದಲ್ಲಿ ಯಾರಿಗೂ ಬರುವುದಿಲ್ಲ. ನೆಂಟರು ತಿಂದು ಚಪ್ಪರಿಸಿ, "ಯಾರು ಮಾಡಿದ್ದು ಮಲ್ಲಿಕಾಂಬಾ?" ಎಂದು ಅಮ್ಮನನ್ನು ಕೇಳಿದರೆ ಅಮ್ಮ, "ಮನೇಲೇ ಮಾಡಿದ್ದು," ಎನ್ನುತ್ತಾಳೆ. ಅಷ್ಟೇ. ಮನೆಯ ಗೋಡೆಗಳೇ ಹೂರಣ ರುಬ್ಬಿ ಕಣಕ ತಟ್ಟಿದವೇನೋ ಎನ್ನಬೇಕು.

ನಾಲ್ಕು ವರ್ಷದ ಹಿಂದೆ ತಮ್ಮ ರುದ್ರಮೂರ್ತಿಯ ಹೆಂಡತಿಯಾಗಿ ಅಮೂಲ್ಯಾ ಬಂದಳು. ಬೆಳ್ಳಗೆ ನಗುವ ಹುಡುಗಿ, ಬಾಯಿ ತುಂಬ ಮಾತು. ಬಂದ ವಾರದೊಳಗೆ ಅಮ್ಮನ ಬಾಯಲ್ಲಿ ಅವಳು ಅಮ್ಮು ಆದಳು. ಏಳು ಗಂಟೆಗೆ ಎದ್ದು ಬಂದರೂ, "ಪಾಪ, ಮಲ್ಕೊಳ್ಲಿ ಬಿಡು," ಎಂದು ಅಮ್ಮ. ಇದೇ ಅಮ್ಮ ಸೌಮ್ಯ ಹೊಸದಾಗಿ ಬಂದಾಗ ಐದು ಗಂಟೆಗೇ ಬಾಗಿಲು ಬಡಿಯುತ್ತಿದ್ದವಳು. ಅಮೂಲ್ಯಾ ಒಂದು ದಿನ ಕಾಫಿ ಸೋಸಿ ತಂದಿಟ್ಟಳು. ಅದರಲ್ಲಿ ಸಕ್ಕರೆ ಹೆಚ್ಚು, ಡಿಕಾಕ್ಷನ್ ಕಮ್ಮಿ. ಅಮ್ಮ ಬಂದ ನೆಂಟರ ಮುಂದೆಲ್ಲ, "ಇದು ನಮ್ ಅಮ್ಮು ಮಾಡಿದ್ದು!" ಎಂದಳು. ಸೌಮ್ಯ ಆಗ ಹಿಟ್ಟು ನಾದುತ್ತಿದ್ದಳು. ಹಿಟ್ಟಿಗೆ ಆವತ್ತು ಬಿದ್ದಷ್ಟು ಪೆಟ್ಟು ಯಾವತ್ತೂ ಬಿದ್ದಿರಲಿಲ್ಲ.

ಒಮ್ಮೆ ಅವಳೇ ನನ್ನ ಹತ್ತಿರ ಹೇಳಿದ್ದಳು. "ನಂಗೆ ಚಿನ್ನ ಬೇಡ, ಸೀರೆ ಬೇಡ ಕಣೇ ಅಶ್ವಿನಿ. ನಾಲ್ಕು ಜನರ ಮುಂದೆ, ಇದು ನಮ್ ಹಿರೀ ಸೊಸೆ ಮಾಡಿದ್ದು ಅಂತ ಒಂದ್ಸಲ ಅಂದ್ರೆ ಸಾಕು ನಿಮ್ಮಮ್ಮ."

"ಅದೊಂದು ಬಿಟ್ಟು ಇನ್ನೇನಾದ್ರೂ ಕೇಳು," ಎಂದೆ. ನಮ್ಮಮ್ಮ ನನಗೇ ಹೇಳದ್ದನ್ನು ಇವಳಿಗೆ ಹೇಳುತ್ತಾಳೆಯೇ? ಹೇಳಿದರೆ ನನಗೂ ಹೊಟ್ಟೆ ಉರಿಯುತ್ತದೆ, ಅದೂ ನಿಜವೇ.

ಇಂಥ ಸೌಮ್ಯನ ಕೈಗೆ ಶಾಲೆಯ ತರಬೇತಿಯಲ್ಲಿ ಒಂದು ಹೊಸ ಆಟಿಕೆ ಸಿಕ್ಕಿತು. ಮೈಂಡ್ ಮ್ಯಾಪ್ ಮಾಡುವ ಸಾಫ್ಟ್‌ವೇರ್. ನಡುವಿನಲ್ಲಿ ಒಂದು ವಿಷಯ ಬರೆಯುವುದು, ಅದರಿಂದ ಸುತ್ತಲೂ ಕೊಂಬೆ ಹೊರಡಿಸುವುದು, ಕೊಂಬೆಗೆ ರೆಂಬೆ. ಒಂದೊಂದು ಕೊಂಬೆಗೆ ಒಂದೊಂದು ಬಣ್ಣ ಕೊಡಬಹುದು, ಗೆರೆಯನ್ನು ದಪ್ಪ ಮಾಡಬಹುದು, ಹೆಸರಿನ ಸುತ್ತ ಚೌಕವೋ ಅಂಡಾಕಾರವೋ ಹಾಕಬಹುದು, ಪಕ್ಕದಲ್ಲಿ ಫೋಟೋ ಅಂಟಿಸಬಹುದು. ಒಂದಕ್ಕೆ ಮಾಡಿದ ಅಲಂಕಾರವನ್ನು ಎತ್ತಿ ಇನ್ನೊಂದರ ಮೇಲೆ ಹಾಗೇ ಇಳಿಸಬಹುದು. ಕದಂಬರಿಂದ ಹಿಡಿದು ಪಂಚಾಯಿತಿವರೆಗೆ ಅವಳ ಪಾಠಗಳೆಲ್ಲ ಕೊಂಬೆ ಬಿಟ್ಟವು. ಮಕ್ಕಳಿಗೆ ಅವಳು ಹೇಳುವ ಮಾತು ನನಗೂ ಬಾಯಿಪಾಠ: "ಎಲ್ಲಕ್ಕೂ ಗಾಢ ಬಣ್ಣ ಬಳಿದ್ರೆ ಯಾವುದೂ ಕಾಣಲ್ಲ. ಮುಖ್ಯವಾದದ್ದನ್ನ ಮುಂದೆ ತನ್ನಿ. ಬೇಡದ್ದಕ್ಕೆ ಬಣ್ಣ ಇಳಿಸಿ ಹಿಂದಕ್ಕೆ ಸರಿಸಿ."

ಅಪ್ಪ ಅಮ್ಮನ ಮದುವೆಯಾಗಿ ಐವತ್ತು ವರ್ಷ ತುಂಬುವುದಕ್ಕೆ ಸಮುದಾಯ ಭವನದಲ್ಲಿ ಒಂದು ಊಟ ಇಟ್ಟುಕೊಂಡೆವು. ಮಠದ ಸ್ವಾಮಿಗಳೂ ಬಂದು ಆಶೀರ್ವಾದ ಮಾಡುತ್ತೇವೆಂದರು. ವೇದಿಕೆಯ ಪಕ್ಕದಲ್ಲಿ ನಮ್ಮ ಇಡೀ ವಂಶದ ನಕ್ಷೆಯನ್ನು ಫ್ಲೆಕ್ಸ್ ಮಾಡಿಸಿ ನಿಲ್ಲಿಸೋಣ ಎಂದು ಸೌಮ್ಯ ತಾನಾಗೇ ಹೇಳಿದಳು. "ಮಾಡಮ್ಮ, ನಿಂಗೆ ಬರುತ್ತಲ್ಲ," ಎಂದಳು ಅಮ್ಮ. ಆ ಒಂದು ಮಾತಿನ ಖುಷಿಯಲ್ಲೇ ಸೌಮ್ಯ ಒಂದು ತಿಂಗಳು ಕಳೆದಳು.

ಒಂದು ಭಾನುವಾರ ನಾನು ಅವಳ ಪಕ್ಕ ಕೂತು ನೋಡಿದೆ. ನಡುವಿನಲ್ಲಿ ಅಪ್ಪ ಮಲ್ಲಿಕಾರ್ಜುನಪ್ಪ, ಅಮ್ಮ ಮಲ್ಲಿಕಾಂಬ, ಚಿನ್ನದ ಬಣ್ಣದ ಅಂಡಾಕಾರದೊಳಗೆ. ಮೇಲೆ ತಾತ, ಮುತ್ತಾತಂದಿರ ಹಳೇ ಕಪ್ಪು ಬಿಳುಪು ಫೋಟೋಗಳು. ಕೆಳಗೆ ದೊಡ್ಡಣ್ಣನ ಕೊಂಬೆ ಕಿತ್ತಳೆ, ತಮ್ಮನ ಕೊಂಬೆ ನೀಲಿ. ನಿಜ ಹೇಳಬೇಕೆಂದರೆ ಬಹಳ ಚೆನ್ನಾಗಿತ್ತು. ಆಮೇಲೆ ನನ್ನ ಹೆಸರು ಹುಡುಕಿದೆ. ಒಂದು ಮೂಲೆಯಲ್ಲಿ ಇತ್ತು. ಅದಕ್ಕೆ ಹೊರಟಿದ್ದು ಚುಕ್ಕೆ ಚುಕ್ಕೆಯ ಗೆರೆ.

"ಇದೇನು, ನಾನು ಈ ಮನೇಲಿ ಹುಟ್ಟಿಲ್ವಾ? ನಿನ್ನೆ ಮೊನ್ನೆ ಬಂದೋರಿಗೆಲ್ಲ ದಪ್ಪ ಗೆರೆ, ನಂಗೆ ಚುಕ್ಕೆ?"

"ಕೊಟ್ಟ ಹೆಣ್ಮಕ್ಕಳಿಗೆಲ್ಲ ಹಾಗೇ ಹಾಕಿದೀನಿ ಕಣೇ. ಸ್ಟೈಲ್ ಒಂದೇ ಥರ ಇರ್ಬೇಕು," ಎಂದಳು ಮೇಡಂ. ನಾನು ಅವತ್ತು ಕಾಫಿಯನ್ನೂ ಕುಡಿಯದೆ ಕಡೂರಿಗೆ ಬಂದೆ.

ಕಾರ್ಯಕ್ರಮಕ್ಕೆ ನಾಲ್ಕೈದು ದಿನ ಇರುವಾಗ ಸೀರೆಯ ಗಲಾಟೆ ಆಯಿತು. ಅಮ್ಮನಿಗೆಂದು ಸೌಮ್ಯ ಒಂದು ಕುಂಕುಮ ಬಣ್ಣದ ರೇಷ್ಮೆ ಸೀರೆ ತಂದಿದ್ದಳು. ನನ್ನನ್ನೂ ಕರೆದುಕೊಂಡು ಅಂಗಡಿ ಅಂಗಡಿ ಅಲೆದು, ಅಮ್ಮನ ಮೈಬಣ್ಣಕ್ಕೆ ಯಾವುದು ಒಪ್ಪುತ್ತದೆ ಎಂದು ಬೆಳಕಿಗೆ ಹಿಡಿದು ಹಿಡಿದು ಆರಿಸಿದ್ದು. ಅಮ್ಮ ಅದರ ಮಡಿಕೆಯನ್ನೂ ಬಿಚ್ಚಲಿಲ್ಲ. "ಅಮ್ಮು ಹಸಿರು ಉಟ್ಕೊಳ್ಳಿ ಅತ್ತೆ ಅಂದ್ಲು. ಅದನ್ನೇ ಉಡ್ತೀನಿ. ಇದನ್ನ ಇನ್ನೊಂದು ದಿನ ಉಟ್ರಾಯ್ತು," ಎಂದು ಬೀರುವಿನಲ್ಲಿ ಇಟ್ಟುಬಿಟ್ಟಳು.

ಮಾರನೇ ದಿನ ಶಾಲೆಯ ಸ್ಟಾಫ್ ರೂಮಿನಲ್ಲಿ ಬಿಡುವಿದ್ದಾಗ ಸೌಮ್ಯ ಲ್ಯಾಪ್‌ಟಾಪ್ ತೆಗೆದಳು. ಆಮೇಲೆ ಇದನ್ನೆಲ್ಲ ಅವಳೇ ನನಗೆ ಹೇಳಿದ್ದು. ಅಮೂಲ್ಯಾಳ ಚೌಕದ ಮೇಲೆ ಒತ್ತಿದಳಂತೆ. ಮೊದಲು ಅಕ್ಷರದ ದಪ್ಪ ತೆಗೆದಳು. ಚೌಕದ ಅಂಚು ತೆಗೆದಳು. ಒಳಗೆ ತುಂಬಿದ್ದ ನೀಲಿ ತೆಗೆದಳು, ಗೆರೆಯನ್ನು ಸಣ್ಣ ಮಾಡಿದಳು. ಇಷ್ಟಾದರೂ ಫೋಟೋದೊಳಗೆ ಆ ಹುಡುಗಿ ಗುಲಾಬಿ ಸೀರೆಯುಟ್ಟು ನಗುತ್ತಲೇ ಇತ್ತು. ಕೊನೆಗೆ ಫೋಟೋದ ಬಣ್ಣವನ್ನೂ ಪೂರ್ತಿ ಇಳಿಸಿದಳು. ಅಮೂಲ್ಯಾ ಬೂದಿ ಬಣ್ಣವಾಗಿ ಹಿಂದಕ್ಕೆ ಸರಿದಳು. ಸೌಮ್ಯ ತನ್ನ ಹೆಸರನ್ನು ಇನ್ನೊಂದು ಅಳತೆ ದೊಡ್ಡದು ಮಾಡಿ, ಫೈಲನ್ನು ಫ್ಲೆಕ್ಸ್ ಅಂಗಡಿಗೆ ಕಳಿಸಿಬಿಟ್ಟಳು. ಹಾಯಾಗಿ ಪಾಠಕ್ಕೆ ಹೋದೆ ಎಂದಳು.

ಇವಳು ದಿನಾ ಇಳಿಯುವುದು ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ. ಅಲ್ಲಿ ಕಂಬಕ್ಕೊಂದು ಫ್ಲೆಕ್ಸ್. ಬಣ್ಣದ ಫೋಟೋ ಇದ್ದರೆ ಹುಟ್ಟುಹಬ್ಬ, ಬಣ್ಣ ಇಲ್ಲದಿದ್ದರೆ ಶ್ರದ್ಧಾಂಜಲಿ. ಓದು ಬರಹ ಬಾರದವರೂ ಅದನ್ನು ದೂರದಿಂದಲೇ ನೋಡಿ, "ಅಯ್ಯೋ, ಯಾರೋ ಹೋದ್ರು," ಎಂದು ನಿಲ್ಲುತ್ತಾರೆ. ಇಷ್ಟು ಓದಿದ ನಮ್ಮ ಮೇಡಂಗೆ ಅದು ಆ ಹೊತ್ತಿಗೆ ಹೊಳೆಯಲೇ ಇಲ್ಲ. ಹೊಟ್ಟೆಯಲ್ಲಿ ಅಷ್ಟು ಉರಿ ಇಟ್ಟುಕೊಂಡು ಪರದೆ ನೋಡಿದರೆ ಏನು ಹೊಳೆದೀತು?

ಕಾರ್ಯಕ್ರಮದ ದಿನ ಫ್ಲೆಕ್ಸ್ ನೇರವಾಗಿ ಭವನಕ್ಕೇ ಬಂತು. ಅಡುಗೆ, ಹೂವು, ಸ್ವಾಮಿಗಳ ಪಾದಪೂಜೆ ಎಂದು ನಾವೆಲ್ಲ ಓಡಾಡುತ್ತಿದ್ದೆವು, ಯಾರೂ ಅದನ್ನು ಹತ್ತಿರ ಹೋಗಿ ನೋಡಲಿಲ್ಲ. ನೋಡಿದ್ದು ದೇವನೂರಿನ ಷಣ್ಮುಖಪ್ಪ ಮಾವ. ಅಮ್ಮನ ದೊಡ್ಡಪ್ಪನ ಮಗ, ಬರುವುದೇ ಅಪರೂಪ. ಕನ್ನಡಕ ಏರಿಸಿ ಒಂದೊಂದೇ ಹೆಸರು ಓದುತ್ತಾ ಬಂದವರು ನೀಲಿ ಕೊಂಬೆಯ ತುದಿಯಲ್ಲಿ ನಿಂತುಬಿಟ್ಟರು. ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡರು. ಸೀದಾ ಹೋಗಿ, ಊಟದ ಎಲೆ ಎಣಿಸುತ್ತಿದ್ದ ರುದ್ರಮೂರ್ತಿಯ ಕೈ ಹಿಡಿದರು.

"ಎಳೇ ಹುಡುಗಿ ಕಣಪ್ಪಾ. ಏನಾಗಿತ್ತು? ನಮಗೊಂದು ಮಾತು ಹೇಳಿ ಕಳಿಸ್ಬಾರ್ದಿತ್ತಾ? ಮಣ್ಣಿಗಾದ್ರೂ ಬರ್ತಿದ್ವಲ್ಲೋ."

ರುದ್ರಮೂರ್ತಿಗೆ ಎಲೆಯ ಲೆಕ್ಕ ತಪ್ಪಿತು. ಅಷ್ಟರಲ್ಲಿ ಅಮೂಲ್ಯಾ ಪಾನಕದ ತಟ್ಟೆ ಹಿಡಿದು ಅಲ್ಲಿಗೇ ಬಂದಳು. "ತಗೊಳ್ಳಿ ಮಾವ, ಬಿಸಿಲಲ್ಲಿ ಬಂದಿದೀರಾ."

ಷಣ್ಮುಖಪ್ಪ ಮಾವ "ಶಿವಾ!" ಎಂದು ಕೂಗಿಕೊಂಡ ಜೋರಿಗೆ ಓಲಗದವರು ಊದುವುದನ್ನು ನಿಲ್ಲಿಸಿದರು. ಜನವೆಲ್ಲ ಫ್ಲೆಕ್ಸಿನ ಮುಂದೆ ನೆರೆಯಿತು. ಮೇಲೆ ಸತ್ತ ತಾತಂದಿರು ಬೂದಿ ಬಣ್ಣದಲ್ಲಿ, ಕೆಳಗೆ ಅಮೂಲ್ಯಾ ಒಬ್ಬಳೇ ಬೂದಿ ಬಣ್ಣದಲ್ಲಿ. ಉಳಿದವರೆಲ್ಲ ಜಾತ್ರೆ ಬಟ್ಟೆ ತೊಟ್ಟವರಂತೆ ಹೊಳೆಯುತ್ತಿದ್ದರು. ಅಂತರಘಟ್ಟೆಯ ಸೋದರತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡು ಅಲ್ಲೇ ಕುಳಿತರು. ಅಮ್ಮ ಹಸಿರು ಸೀರೆಯ ಸೆರಗು ಎಳೆದುಕೊಂಡು ಬಂದು ನೋಡಿದಳು. ತಿರುಗಿ ಸೌಮ್ಯನ ಕಡೆ ನೋಡಿದಳು, ಅಷ್ಟೇ.

"ಪ್ರಿಂಟ್ ಹಾಕೋನು ತಪ್ಪು ಮಾಡಿದಾನೆ," ಎಂದ ದೊಡ್ಡಣ್ಣ ಕಾಂತರಾಜ್. ಪಾಪ, ಅವನಿಗೆ ಹೆಂಡತಿಯ ಬಗ್ಗೆ ಅಷ್ಟೇ ಗೊತ್ತಿರುವುದು. ಸೌಮ್ಯ ಪಿನ್ ಬಿಚ್ಚಿ ಸೆರಗಿನ ನೆರಿಗೆ ಸರಿಮಾಡತೊಡಗಿದಳು. ಆಗ ನನಗೆ ಎಲ್ಲ ಅರ್ಥವಾಯಿತು.

ಸೋದರತ್ತೆ ಸುಧಾರಿಸಿಕೊಂಡು ಎದ್ದು ತೀರ್ಮಾನ ಕೊಟ್ಟರು. "ಬದುಕಿರೋ ಮುತ್ತೈದೆಗೆ ಅಪಶಕುನ ಆಗೋಯ್ತು. ಸ್ವಾಮಿಗಳ ಮುಂದೇನೇ ಮಣೆ ಹಾಕಿ ಕೂರ್ಸಿ, ಮಡಿಲು ತುಂಬಿ, ಆರತಿ ಎತ್ಬೇಕು. ಹಿರೀ ಸೊಸೇನೇ ಎತ್ಬೇಕು."

ಹಾಗೆ ಅಪ್ಪ ಅಮ್ಮನ ಐವತ್ತನೇ ವರ್ಷದ ವೇದಿಕೆಯ ಮೇಲೆ ಅಮೂಲ್ಯಾ ಮಣೆ ಏರಿದಳು. ಸೌಮ್ಯ ಅವಳ ಕೆನ್ನೆಗೆ ಅರಿಶಿನ ಹಚ್ಚಿದಳು, ಹಣೆಗೆ ಕುಂಕುಮ ಇಟ್ಟಳು, ತಲೆಗೆ ಹೂ ಮುಡಿಸಿದಳು. ಅಕ್ಕಿ, ಕೊಬ್ಬರಿ, ಬೆಲ್ಲ ಹಾಕಿ ಮಡಿಲು ತುಂಬಿದಳು. ರವಿಕೆ ಬಟ್ಟೆ ಯಾರೂ ತಂದಿರಲಿಲ್ಲ, ಅಮ್ಮ ಮನೆಯಿಂದ ಅದೇ ಕುಂಕುಮ ಬಣ್ಣದ ರೇಷ್ಮೆ ಸೀರೆಯನ್ನು ತರಿಸಿ, "ಇದನ್ನೇ ಇಡು," ಎಂದಳು. ಸೌಮ್ಯ ಅದನ್ನೂ ತನ್ನ ಕೈಯಾರೆ ಅಮೂಲ್ಯಾಳ ಮಡಿಲಿಗೆ ಇಟ್ಟಳು. ಬಂದವರೆಲ್ಲ ಸಾಲಾಗಿ ನಿಂತು ಚಿಕ್ಕ ಸೊಸೆಯ ತಲೆ ಮೇಲೆ ಅಕ್ಷತೆ ಹಾಕಿ, "ನೂರು ವರ್ಷ ಬಾಳಮ್ಮ," ಎಂದರು. ಐವತ್ತು ವರ್ಷ ಸಂಸಾರ ಮಾಡಿದ ದಂಪತಿಗಳನ್ನು ಆ ಹೊತ್ತಿನಲ್ಲಿ ಯಾರೂ ಕೇಳಲಿಲ್ಲ, ಚುಕ್ಕೆ ಗೆರೆಯವಳಾದ ನನ್ನನ್ನಂತೂ ಬಿಡಿ.

"ಆ ಫ್ಲೆಕ್ಸ್ ಹರಿದು ಹಾಕ್ರೋ, ಬೇರೆ ಮಾಡ್ಸಿದ್ರಾಯ್ತು," ಎಂದರು ಅಪ್ಪ.

"ಬೇಡ ಮಾವ, ಅಕ್ಕ ಎಷ್ಟು ಕಷ್ಟಪಟ್ಟು ಮಾಡಿದಾರೆ," ಎಂದಳು ಅಮೂಲ್ಯಾ. ಮಣೆಯಿಂದ ಇಳಿದು ಬಂದು, ಆರತಿ ತಟ್ಟೆಯ ಕೆಂಪು ನೀರಿನಲ್ಲಿ ಕುಂಕುಮ ಕಲಸಿ, ಫ್ಲೆಕ್ಸಿನಲ್ಲಿದ್ದ ತನ್ನ ಬೂದಿ ಬಣ್ಣದ ಹಣೆಗೆ ಬೆರಳಿನಿಂದ ದೊಡ್ಡ ಬೊಟ್ಟು ಇಟ್ಟಳು. "ಈಗ ಜೀವ ಬಂತು ನೋಡಿ!" ಎಂದು ನಕ್ಕಳು. ಎಲ್ಲರೂ ಚಪ್ಪಾಳೆ ತಟ್ಟಿದರು, ಮೊಬೈಲು ಎತ್ತಿದರು. ಅವಳಿಗೆ ನಿಜ ಗೊತ್ತಿತ್ತೋ ಇಲ್ಲವೋ, ನನಗೆ ಇವತ್ತಿಗೂ ತಿಳಿಯದು. ಗೊತ್ತಿದ್ದೇ ಹಾಗೆ ನಕ್ಕಿದ್ದರೆ ಆ ಹುಡುಗಿಯ ಹತ್ತಿರ ನಾನೂ ಹುಷಾರಾಗಿರಬೇಕು.

ಫ್ಲೆಕ್ಸ್ ಈಗ ನಡುಮನೆಯ ಗೋಡೆಯ ಮೇಲಿದೆ. ಅಪ್ಪ ಗಾಜಿಲ್ಲದ ಕಟ್ಟು ಹಾಕಿಸಿ ತೂಗುಹಾಕಿಸಿದರು. ಕಿತ್ತಳೆ, ನೀಲಿ, ಚಿನ್ನದ ಬಣ್ಣಗಳ ನಡುವೆ ಬಣ್ಣವೇ ಇಲ್ಲದ ಒಂದು ಮುಖ, ಅದರ ಹಣೆಯ ಮೇಲೆ ಒಂದು ಕೆಂಪು ಬೊಟ್ಟು. ಒಳಗೆ ಕಾಲಿಟ್ಟವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಮುಖ್ಯವಾದದ್ದನ್ನು ಮುಂದೆ ತರುವುದು ಹೇಗೆಂದು ಮಕ್ಕಳಿಗೆ ಹೇಳಿಕೊಡುವ ಮೇಡಂ, ಹಿಂದಕ್ಕೆ ಸರಿಸಹೋದ ವಾರಗಿತ್ತಿಯನ್ನೇ ಇಡೀ ವಂಶದ ಮುಂದೆ ತಂದು ನಿಲ್ಲಿಸಿದ್ದಳು. ತನ್ನ ದಪ್ಪ ಅಕ್ಷರದ ಹೆಸರನ್ನು ಯಾರೂ ಓದುವುದೇ ಇಲ್ಲ ಎಂದು ಅವಳಿಗೂ ಗೊತ್ತು. ಒಂದು ಭಾನುವಾರ ಧೂಳು ಹೊಡೆಯುವ ನೆಪದಲ್ಲಿ ಒದ್ದೆ ಬಟ್ಟೆ ತಂದು ಬೊಟ್ಟನ್ನು ಒರೆಸಿದಳು. ಅದು ಹೋಗಲಿಲ್ಲ. ಒರೆಸಿದಷ್ಟೂ ಇಳಿದು ಹರಡಿ, ಬೂದಿ ಬಣ್ಣದ ಕೆನ್ನೆಗಳು ನಾಚಿಕೊಂಡಂತೆ ಕೆಂಪಾದವು. ಮೊದಲಿಗಿಂತ ಚೆಲುವೆಯಾಗಿ ಕಂಡಳು ಹಾಳಾದವಳು.

ಹೋದ ತಿಂಗಳು ನಾನು ತವರಿಗೆ ಹೋಗಿದ್ದಾಗ ದೂರದ ನೆಂಟರು ಯಾರೋ ಬಂದಿದ್ದರು. ಹೋಳಿಗೆ ಊಟವಾಗಿತ್ತು. ಎಲೆ ಅಡಿಕೆ ಹಾಕಿಕೊಳ್ಳುತ್ತಾ ಅವರು ಗೋಡೆ ನೋಡಿ, "ಇದ್ಯಾಕಮ್ಮ, ಈ ಒಂದು ಹುಡುಗಿ ಮಾತ್ರ ಹಿಂಗಿದಾಳೆ?" ಎಂದು ಕೇಳಿದರು.

ಅಮ್ಮ ಕೂತಲ್ಲಿಂದ ಎದ್ದಳು. ಫ್ಲೆಕ್ಸಿನ ಹತ್ತಿರ ಹೋಗಿ ನಿಂತಳು. ಅಡುಗೆಮನೆಗೆ ಕೇಳಿಸುವಂತೆ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು.

"ಇದು ನಮ್ ಹಿರೀ ಸೊಸೆ ಮಾಡಿದ್ದು ಕಣ್ರೀ. ನಮ್ ಸೌಮ್ಯ. ಪೂರ್ತಿ ಅವಳೊಬ್ಬಳೇ ಮಾಡಿದ್ದು."

ಒಳಗೆ ತಟ್ಟೆ ತೊಳೆಯುವ ಸದ್ದು ನಿಂತಿತು. ಆಮೇಲೆ ಡಬ್ಬಿಗಳನ್ನು ಒಂದೊಂದಾಗಿ ಸರಿಸಿ ನಿಲ್ಲಿಸುವ ಸದ್ದು ಶುರುವಾಯಿತು.