ಇಕ್ಕಳ ಕಂಡವಳು

ಅಮ್ಮಣಿಯಷ್ಟು ಪುಕ್ಕಲಿಯನ್ನು ನಾನು ನಂತೂರಿನಲ್ಲಿ ಇನ್ನೊಬ್ಬಳನ್ನು ಕಂಡಿಲ್ಲ. ಬೀಡಿ ಕಟ್ಟಿ ಬದುಕುವವಳು. ಕಟ್ಟಿದ ಬೀಡಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಬ್ರಾಂಚಿನವನು ಒಳ್ಳೆಯ ಬೀಡಿಯನ್ನೇ ಹರಿದು ಬಿಸಾಡಿದರೂ ತುಟಿ ಬಿಚ್ಚುತ್ತಿರಲಿಲ್ಲ. ಅವಳ ಪಾಲಿನ ಬೈಗುಳವನ್ನೂ ಪಕ್ಕದ ಮನೆಯ ಈ ನೆಲ್ಲಿಯೇ ಬೈಯಬೇಕಿತ್ತು.

ಮನೆಯಲ್ಲಿದ್ದವರು ಅವಳು ಮತ್ತು ಅವಳ ತಾಯಿಯ ಅಣ್ಣ ಚೆನ್ನಪ್ಪ. ಅವಳ ಬಾಯಲ್ಲಿ ತಮ್ಮಲೆ. ಅವರದು ಅಳಿಯಕಟ್ಟು. ಗಂಡಸು ತನ್ನ ತಾಯಿಯ, ತಂಗಿಯ ಮನೆಯವನು. ಹೆಂಡತಿ ಮಕ್ಕಳು ಅವರ ತಾಯಿಯ ಮನೆಯವರು. ಚೆನ್ನಪ್ಪಣ್ಣನ ಹೆಂಡತಿ ತೀರಿಹೋಗಿದ್ದಳು, ಮಗಳು ನಳಿನಾಕ್ಷಿ ಕಾವೂರಿನಲ್ಲಿದ್ದಳು, ಹಬ್ಬಕ್ಕೊಮ್ಮೆ ಬಂದು ಹೋದರೆ ಹೋದಳು. ಮೀಯಲು ನೀರು ಕಾಯಿಸುವುದರಿಂದ ಹಿಡಿದು ಕಡೆಗಾಲದ ಬಾಯಿನೀರಿನ ತನಕ ಎಲ್ಲ ಅಮ್ಮಣಿಯದೇ. ಇಗರ್ಜಿಗೆ ಹೋಗುವ ಕ್ರಿಶ್ಚಿಯನ್ನರಾದ ನಮಗೆ ಇದು ಸುಲಭಕ್ಕೆ ತಲೆಗೆ ಹೋಗುವುದಿಲ್ಲ, ಆದರೆ ಅವರು ತಲೆತಲಾಂತರದಿಂದ ಹಾಗೇ ಬಾಳಿದವರು.

ಅರವತ್ತೆರಡನೇ ಇಸವಿಯಲ್ಲಿ ಮುದುಕನಿಗೆ ಹರ್ನಿಯಾ ಆಪರೇಷನ್ ಆಯಿತು. ಆಸ್ಪತ್ರೆಯ ಹೆಸರು ಬೇಡ. ಗಾಯ ಕಟ್ಟುವವನು ಪಕ್ಕದ ಮಂಚದವನ ಕೀವು ತುಂಬಿದ ಕಾಲನ್ನು ಒರೆಸಿ, ಅದೇ ಇಕ್ಕಳವನ್ನು ಬಟ್ಟೆಗೆ ಉಜ್ಜಿ, ಚೆನ್ನಪ್ಪಣ್ಣನ ಹೊಲಿಗೆಗೆ ಇಟ್ಟ. ಮಂಚದ ಬದಿಯಲ್ಲೇ ನಿಂತಿದ್ದ ಅಮ್ಮಣಿ ಕಣ್ಣಾರೆ ಕಂಡಳು. ಹೇಳಿದಳಾ? ಇಲ್ಲ. ಆಮೇಲೆ ಜ್ವರ ಏರಿತು, ಹೊಲಿಗೆ ಬಿಚ್ಚಿಕೊಂಡಿತು, ವಾರ್ಡಿಗೆ ಕಾಲಿಡಲಾಗದಷ್ಟು ವಾಸನೆ. ಆಗ ನನ್ನ ಹತ್ತಿರ ಬಂದು ಬಾಯಿ ಬಿಟ್ಟಳು. ನನಗೆ ಅವಳ ಕೆನ್ನೆಗೆ ಎರಡು ಕೊಡಬೇಕೆನಿಸಿತು.

ಅವಳನ್ನು ಇಸಿದೋರ್ ವಕೀಲರಲ್ಲಿಗೆ ಎಳೆದುಕೊಂಡು ಹೋದೆ. ನಮ್ಮವರೇ, ನಿಧಾನದ ಮನುಷ್ಯ. ಎಲ್ಲ ಕೇಳಿ, ದಾವೆ ಹಾಕಬಹುದು, ಆದರೆ ಕಂಡವರ ಸಾಕ್ಷಿ ಬೇಕು, ಬೇರೆ ಡಾಕ್ಟರರ ಮಾತೂ ಬೇಕು ಎಂದರು. ತನಗಾದ ನೋವಿಗೆ ಪರಿಹಾರವನ್ನು ಚೆನ್ನಪ್ಪನೇ ಕೇಳಬೇಕು, ಜೀವ ಇರುವಾಗಲೇ ವಕಾಲತ್ತಿಗೆ ಸಹಿ ಹಾಕಬೇಕು. ಅವನು ಹೋದರೆ ಅದೂ ಹೋಯಿತು. ಆಮೇಲೆ ಅವನ ಸಾವಿಗಾಗಿ ಕೇಳುವ ಹಕ್ಕು ಹೆಂಡತಿಗೆ, ಮಕ್ಕಳಿಗೆ, ತಂದೆತಾಯಿಗೆ ಮಾತ್ರ.

"ಮತ್ತೆ ನಾನು?" ಎಂದಳು ಅಮ್ಮಣಿ.

"ಆ ಕಾನೂನಿನಲ್ಲಿ ತಂಗಿಯ ಮಗಳು ಇಲ್ಲ, ಅಮ್ಮ."

ಮರುದಿನ ವಕಾಲತ್ತಿನ ಕಾಗದವನ್ನು ಸೆರಗಿನೊಳಗೆ ಮುಚ್ಚಿಕೊಂಡು ವಾರ್ಡಿಗೆ ಹೋದೆವು. ಯಾರ ಚಪ್ಪಲಿ ಸದ್ದಾದರೂ ನಾನು ತಿರುಗಿ ನೋಡುತ್ತಿದ್ದೆ. ಬಾಯಿ ಜೋರಿರಬಹುದು, ಧೈರ್ಯ ನನಗೂ ಅಷ್ಟಕ್ಕಷ್ಟೇ. ಅಮ್ಮಣಿ ಮುದುಕನ ಕಿವಿಗೆ ಬಗ್ಗಿ ಸಂಗತಿ ಹೇಳಿದಳು. ಅವನು ಕಣ್ಣರಳಿಸಿ ಬಾಗಿಲ ಕಡೆ ನೋಡಿದ, ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದ.

"ನನ್ನ ಜೀವ ಇವರ ಕೈಯಲ್ಲಿ ಉಂಟು. ಇದನ್ನು ನೋಡಿದ್ರೆ ಬಿಡ್ತಾರಾ? ಒಳಗೆ ಇಡು, ಮಗ. ಒಳಗೆ ಇಡು."

ಬೇರೆ ಆಸ್ಪತ್ರೆಗೆ ಹೋಗೋಣ ಎಂದರೂ ಕೇಳಲಿಲ್ಲ. ಈ ಆಸ್ಪತ್ರೆಯವರಿಗೆ ಸಿಟ್ಟು ಬರುತ್ತದಂತೆ. ಅಷ್ಟರಲ್ಲಿ ಗಾಯ ಕಟ್ಟುವವನು ತಟ್ಟೆ ಹಿಡಿದು ಬಂದ. ಮುದುಕ ಅವನಿಗೆ ಕೈ ಮುಗಿದ. ಹಾಳುಮಾಡಿದವನಿಗೇ ಕೈ ಮುಗಿಯಬೇಕಲ್ಲ! ನಾನೂ ಅವನಿಗೆ ದಾರಿ ಬಿಟ್ಟು ಸರಿದು ನಿಂತೆ. ಕಾಗದ ಅಮ್ಮಣಿಯ ಸೆರಗಿನಲ್ಲೇ ಉಳಿಯಿತು.

ವಾರ ತುಂಬುವ ಮೊದಲೇ ಚೆನ್ನಪ್ಪಣ್ಣ ತೀರಿಕೊಂಡ. ಬಾಯಿಗೆ ಮೊದಲ ನೀರು ಬಿಟ್ಟವಳು ಅಮ್ಮಣಿ. ನಳಿನಾಕ್ಷಿ ನೆಂಟರ ಹಾಗೆ ಅಂಗಳದ ತುದಿಯಲ್ಲಿ ನಿಂತು ಅತ್ತು ಹೋದಳು.

ಉತ್ತರಕ್ರಿಯೆಯ ಬೊಜ್ಜ ಮುಗಿದ ಮೇಲೆ ಅಮ್ಮಣಿ ನನ್ನನ್ನು ಕರೆದುಕೊಂಡು ಕಾವೂರಿಗೆ ಹೊರಟಳು. ಆ ಮನೆಯ ಮೆಟ್ಟಿಲನ್ನು ಅವಳು ಅದುವರೆಗೆ ಹತ್ತಿರಲಿಲ್ಲ. ದಾರಿಯುದ್ದಕ್ಕೂ ತುಟಿ ಪಿಟಿಪಿಟಿ. ಹೇಳಬೇಕಾದ ಮಾತನ್ನು ಉರುಹೊಡೆಯುತ್ತಿದ್ದಳು. ಇಕ್ಕಳದ ಸಂಗತಿ, ವಕೀಲರು ಹೇಳಿದ್ದು, ಎಲ್ಲವನ್ನೂ ಜಗಲಿಯಲ್ಲಿ ನಿಂತೇ ಹೇಳಿದಳು.

ನಳಿನಾಕ್ಷಿ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ, ದೊಡ್ಡವರ ಎದುರು ಕೋರ್ಟಿನಲ್ಲಿ ನಿಂತು ಇದನ್ನೆಲ್ಲ ಹೇಳಲು ನಿನಗೆ ಹೆದರಿಕೆ ಇಲ್ಲವಾ ಎಂದು ಕೇಳಿದಳು.

"ಉಂಟು," ಎಂದಳು ಅಮ್ಮಣಿ. ಜಗಲಿಯ ಕಂಬ ಹಿಡಿದುಕೊಂಡಿದ್ದಳು. "ಆವತ್ತೂ ಹೆದರಿಕೆ ಇತ್ತು, ಹೇಳಲಿಲ್ಲ. ಕೇಸು ನಿನ್ನದು, ಅಕ್ಕ. ಕಂಡವಳು ನಾನು. ಹೇಳ್ತೇನೆ."