ಎಂಬತ್ತು ವರ್ಷ ಮುಂದೆ ಬಚ್ಚಿಟ್ಟದ್ದು

ಹೋದ ರವಿವಾರ ಇಲ್ಲಿ ಖಾನಾಪುರದಲ್ಲಿ ನಮ್ಮ ಸಾಲೆಯ ಹೆಡ್‌ಮಾಸ್ತರರು ಹೊಸದಾಗಿ ಗಂಜಿ ಹಾಕಿದ ಅಂಗಿ ತೊಟ್ಟು ನನ್ನ ಬಾಜೂ ಕುಳಿತರು. ಅಂಗಿ ಎಷ್ಟು ಬಿರುಸಾಗಿತ್ತೆಂದರೆ ಅವರು ಎದ್ದು ಹೋದರೂ ಅದು ಕುಳಿತೇ ಇರುತ್ತಿತ್ತು. ಕೈಯಲ್ಲೊಂದು ಮಾಸಪತ್ರಿಕೆ. ಅದರಲ್ಲಿ ಬಂದ, ಎರಡು ಸಾವಿರದ ಇಸವಿಯಲ್ಲಿ ನಡೆಯುವ ಕಥೆಯೊಂದನ್ನು ಅಲ್ಲಿ ಕೂಡಿದ್ದ ನಮ್ಮ ಮಾಸ್ತರ ಮಂದಿಗೆಲ್ಲ ಓದಿ ಹೇಳಿದರು. ಮನುಷ್ಯರು ಚಂದ್ರನ ಮೇಲೆ ಕಚೇರಿ ಕಟ್ಟಿಕೊಂಡಿದ್ದರು. ಅಲ್ಲಿಯೂ ಒಬ್ಬ ಸಾಹೇಬ, ಅರ್ಜಿ ಹಿಡಿದು ನಿಂತವರು ನೂರು ಮಂದಿ.

"ಎಂಥಾ ತಲೀರಿ ಇವಂದು. ಎಷ್ಟ ವರ್ಷ ಮುಂದಿಂದು ಕಂಡಾನ ನೋಡ್ರಿ" ಎಂದರು.

ಬರೆದವನು ಚಂದ್ರನಿಗೇನೂ ಹೋಗಿರಲಿಕ್ಕಿಲ್ಲ, ಅಂದು ಬೆಳಿಗ್ಗೆ ಯಾವುದೋ ಕಚೇರಿಗೆ ಹೋಗಿ ನಿಂತು ಬಂದಿರಬೇಕು ಎಂದು ಆ ಸಾಹೇಬನ ದನಿಯಲ್ಲೇ ಹೇಳಿ ನಗಿಸಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಗಂಜಿಯ ವಾಸನೆ ಮೂಗಿಗೆ ಬಡಿಯಿತು... ಬಾಯಿ ಮುಚ್ಚಿಕೊಂಡೆ. ಅದನ್ನು ಕಂಡು ಹೆಡ್‌ಮಾಸ್ತರರು ನನಗೆ ಜ್ವರವೇನೋ ಎಂದುಕೊಂಡರು.

ನಾನು ಹುಟ್ಟಿ ಬೆಳೆದ ಶಹಾಪುರದಲ್ಲಿ ನಮ್ಮ ಬಾಜೂ ಮನೆಯಲ್ಲಿ ನೇಕಾರ ಕಾಕಾ ಇದ್ದರು. ಸಂಬಂಧದಿಂದ ಕಾಕಾ ಅಲ್ಲ, ನಡುವಿನ ಗೋಡೆಯಿಂದ ಕಾಕಾ. ಬೆಳಗಾದರೆ ಓಣಿಯುದ್ದ ನೂಲು ಹರಡಿ ಗಂಜಿ ಹಚ್ಚುತ್ತಿದ್ದರು. ಆ ಹುಳಿ ವಾಸನೆಯಲ್ಲೇ ನಾನು ದೊಡ್ಡವನಾದೆ. ದೊಡ್ಡವನಾದೆ ಎಂಬುದು ನನ್ನ ಅಭಿಪ್ರಾಯ, ನಮ್ಮವ್ವ ಒಪ್ಪುತ್ತಿರಲಿಲ್ಲ. ಆಗ ನನಗೆ ಹತ್ತೊಂಬತ್ತು. ಕೆಲಸವಿಲ್ಲ, ಮೈತುಂಬ ನಕಲು. ಅಯ್ಯನವರ ಆಕಳಿಕೆ, ಫೌಜದಾರನ ನಡಿಗೆ, ನಮ್ಮಪ್ಪ ನನ್ನನ್ನು ಬೈಯುವ ರೀತಿ, ಬೈಸಿಕೊಳ್ಳುವಾಗಿನ ನನ್ನ ಕತ್ತೆಮುಖ, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ.

ಕಾಕಾ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತ ಮುಂದಿನ ಕಾಲದ ಕಥೆ ಹೇಳುತ್ತಿದ್ದರು. ಪಕ್ಕದಲ್ಲಿ ಅವರ ಹೆಂಡತಿ ಕಾಕೂ ಮಣೆಯ ಮೇಲೆ ಕುಳಿತು ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತಿದ್ದರು. ನೇಕಾರರ ಮನೆಯಲ್ಲಿ ಹೆಂಗಸರು ಹಾಗೆ ಕೂಡುವುದು ರೂಢಿಯೇ. ಯಾರ ಕಣ್ಣಿಗೂ ಅದು ವಿಶೇಷವಾಗಿ ಕಾಣುತ್ತಿರಲಿಲ್ಲ.

"ಎರಡ ಸಾವಿರದ ಇಸವಿ ಒಳಗ ಮಿಂಚಿನ ಮಗ್ಗ ಬರ್ತಾವ" ಎಂದು ಸುರು ಮಾಡುತ್ತಿದ್ದರು. "ಮಗ್ಗಕ್ಕss ಕಣ್ಣ ಇರ್ತಾವ. ಎಳಿ ಹರೀತಂದ್ರ ತಾನss ನೋಡತೈತಿ, ತಾನss ಕೂಡಸ್ತೈತಿ. ಮುಂದ ಕುಂತ ಮನಶಾಗ ಕಣ್ಣ್ಯಾಕ ಬೇಕು? ಬ್ಯಾಡಂತ ದೇವರು ಕೊಡೂದss ಬಿಡ್ತಾನ. ಹಣಿ ಹಂಗss ಗಲ್ಲದ ತನಕಾ ಇಳದಿರ್ತೈತಿ."

"ಹಂಗಾರ ಕಾಕಾ, ಹೆಂಗಸರಿಗೆ?" ಎಂದು ಕೇಳಿದ್ದೆ.

"ಅವರಿಗೆ ಇರ್ತಾವ. ಮನ್ಯಾಗ ಯಾರರೆ ಒಬ್ರು ನೋಡಬೇಕಲ್ಲೋ."

ಕೇಳುತ್ತ ಕುಳಿತಿದ್ದ ನಾವು ಓಣಿಯವರೆಲ್ಲ ನಕ್ಕೆವು. ಕಾಕೂ ನಗಲಿಲ್ಲ, ಕೆಮ್ಮಿದರು. ಅವರ ಕೆಮ್ಮನ್ನೂ ನಾನು ಚೆನ್ನಾಗಿ ಕಲಿತಿದ್ದೆ. ಸೆರಗಿನ ಪಟ್ಟೆ ಬಂದಾಗ ಅವರು ಒಂದು ಸಲ ಕೆಮ್ಮಿದರೆ ಕಾಕಾನ ಕೈ ಕೆಂಪು ಲಾಳಿಗೆ ಹೋಗುತ್ತಿತ್ತು. ಎರಡು ಸಲ ಕೆಮ್ಮಿದರೆ ಬಿಳಿಗೆ. ಕಾಕಾ ಕತ್ತು ಓರೆ ಮಾಡಿ ಕೆಮ್ಮಿಗಾಗಿ ಕಾಯುವ ಭಂಗಿ ನನಗೆ ಬಲು ಮೋಜೆನಿಸಿತ್ತು. ನಾನು ಎಲ್ಲವನ್ನೂ ನೋಡಿದ್ದೆ, ಏನನ್ನೂ ತಿಳಿದಿರಲಿಲ್ಲ.

ಕಾಕಾನಿಗೆ ನೂಲು ಕೊಟ್ಟು ಸೀರೆ ತೆಗೆದುಕೊಳ್ಳುತ್ತಿದ್ದ ಸಾವಕಾರರ ಅಂಗಡಿ ಪೇಟೆಯಲ್ಲಿತ್ತು. ಒಂದು ಮಧ್ಯಾಹ್ನ ಅಲ್ಲಿ ಕುಳಿತವರು "ಏನರೆ ಮಾಡಪಾ" ಎಂದರು. ಮೊದಲು ಸಾವಕಾರರದೇ ಎಲೆ ಮೆಲ್ಲುವ ನಕಲು ಮಾಡಿದೆ. ಅವರು ಗಾದಿಯ ಮೇಲೆ ಉರುಳಿ ನಕ್ಕರು. ಆಮೇಲೆ ಕಾಕಾನನ್ನು ಮಾಡಿದೆ: ಮಿಂಚಿನ ಮಗ್ಗ, ಕಣ್ಣಿಲ್ಲದ ಮನುಷ್ಯ, ಓರೆ ಕತ್ತು, ನಡುನಡುವೆ ಕಾಕೂನ ಕೆಮ್ಮು. ಎಲ್ಲರೂ ನಗುತ್ತಿರುವಾಗ ಸಾವಕಾರರ ನಗು ನಿಂತಿತು.

"ಆ ಕೆಮ್ಮೂದು ಯಾವಾಗ? ಇನ್ನೊಮ್ಮೆ ಮಾಡ."

ನಾನು ಹಿಗ್ಗಿನಿಂದ ಇನ್ನೊಮ್ಮೆ ಮಾಡಿದೆ. ಮೊದಲಿಗಿಂತ ಚೆನ್ನಾಗಿ...

ಓಣಿಯವರೆಲ್ಲ ಮುಂದಿನ ಕಾಲದ ಕಥೆ ಕೇಳಿದ್ದರು. ಅದು ಇವತ್ತಿನ ಕಥೆ ಎಂದು ತಿಳಿದವರು ಸಾವಕಾರರೊಬ್ಬರೇ.

ಮರುದಿನ ಅವರು ಕಾಕಾನ ಮನೆಗೆ ಬಂದರು. ನಾನು ಹೊಸ್ತಿಲಲ್ಲೇ ನಿಂತಿದ್ದೆ. ಎರಡು ಕಂಡಿಕೆಗಳನ್ನು ಕಾಕಾನ ಅಂಗೈಯಲ್ಲಿಟ್ಟು, "ಇದರಾಗ ಕೆಂಪು ಯಾವದು?" ಎಂದರು. ಕಾಕೂ ಕೆಮ್ಮಿದರು.

"ಯವ್ವಾ, ನೀವೊಂದೀಟ ಸುಮ್ಮಕಿರ್ರಿ."

ಕಾಕಾ ಕಂಡಿಕೆಗಳನ್ನು ಬೆರಳಿನಿಂದ ಸವರಿದರು. ಒಂದನ್ನು ಮೂಗಿಗೆ ಹಿಡಿದರು. ಆಮೇಲೆ ಎರಡನ್ನೂ ತಿರುಗಿ ಕೊಟ್ಟು, "ಎರಡ ಸಾವಿರದ ಇಸವಿ ಸುರು ಆತಂತ ತಿಳೀರಿ, ಸಾವಕಾರ್ರ" ಎಂದರು.

ಸಾವಕಾರರು ಕೆಟ್ಟವರಲ್ಲ. ಕಾಕಾನ ಸೀರೆಯಲ್ಲಿ ಒಂದು ತಪ್ಪೂ ಬಂದಿರಲಿಲ್ಲವೆಂದು ಅವರೇ ಹೇಳಿದರು. ಆದರೂ ಮಗ್ಗದ ಮೇಲಿದ್ದ ಸೀರೆ ಮುಗಿದೊಡನೆ ಉಳಿದ ನೂಲನ್ನು ಒಯ್ದರು, ಮತ್ತೆ ಕೊಡಲಿಲ್ಲ. ಕಾಕಾನಿಗೆ ಕಣ್ಣು ಕಾಣುವುದಿಲ್ಲವೆಂಬ ಸುದ್ದಿ ಪೇಟೆಗೆಲ್ಲ ಹಬ್ಬಿತು, ಬೇರೆಯವರೂ ಕೊಡಲಿಲ್ಲ. ನಾನು ಹೋಗಿ ಸಾವಕಾರರ ಕಾಲು ಹಿಡಿದೆ. ನಾನು ಮಾಡಿದ್ದು ಬರೀ ಸೋಗು, ಅದರಲ್ಲಿ ಖರೇ ಏನೂ ಇಲ್ಲ ಎಂದೆ. "ಸೋಗು ಅಷ್ಟ ಚಲೋ ಬರೂದಿಲ್ಲೋ ತಮ್ಮಾ" ಎಂದರು. ನನ್ನ ಜನ್ಮದಲ್ಲಿ ನನಗೆ ಸಿಕ್ಕ ದೊಡ್ಡ ಹೊಗಳಿಕೆ ಅದೇ.

ಕಾಕಾನ ಮುಂದೆ ಒಪ್ಪಿಕೊಳ್ಳಲು ಹೋದಾಗ ಅವರು ಬರಿದಾದ ಮಗ್ಗದ ಮುಂದೆ, ಕುಣಿಯಲ್ಲಿ ಕಾಲಿಟ್ಟುಕೊಂಡೇ ಕುಳಿತಿದ್ದರು. ನಾನು ತೊದಲಿದೆ. ಅದೊಂದು ಸಲ ಯಾರ ತೊದಲನ್ನೂ ಕದ್ದಿರಲಿಲ್ಲ.

"ನೀ ಏನ ಸುಳ್ಳ ಹೇಳೀದಿ? ಇದ್ದದ್ದ ಮಾಡಿ ತೋರ್ಸೀದಿ" ಎಂದರು. "ಇದ್ದದ್ದನ್ನ ನಾನss ಎಂಬತ್ತ ವರ್ಷ ಮುಂದ ಒಯ್ದ ಇಟ್ಟಿದ್ನೆಪಾ. ಅಲ್ಲಿ ಯಾರೂ ಹುಡಕೂದಿಲ್ಲಂತ."

ಆಮೇಲೆ ನನ್ನ ಕಡೆ ಕಿವಿ ಮಾಡಿ, "ನನ್ನ ದನಿ ಮಾಡ ನೋಡೂಣು. ನಾ ಹ್ಯಾಂಗ ಕೇಳಸ್ತೀನಿ?" ಎಂದರು. ಬಾಯಿ ತೆರೆದೆ. ದನಿ ಬರಲಿಲ್ಲ... ಕಾಕೂ ಒಳಗಿನಿಂದ ಬಂದು, ಸಿಟ್ಟೂ ಇಲ್ಲದೆ ನಗುವೂ ಇಲ್ಲದೆ, ನನ್ನ ಮುಂದೆ ತಿನ್ನಲು ಚುಮ್ಮರಿ ಇಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಆ ಚಳಿಗಾಲ ಅವರಿಬ್ಬರೂ ಈ ಖಾನಾಪುರ ತಾಲೂಕಿನ ಪಾರಿಶ್ವಾಡಕ್ಕೆ, ಕಾಕೂನ ತಮ್ಮನ ಮನೆಗೆ ಹೋದರು. ಮಗ್ಗವನ್ನು ಬಿಚ್ಚಿ ಮಾರಿದರು, ಕುಣಿಯನ್ನು ಮಣ್ಣು ಹಾಕಿ ಮುಚ್ಚಿದರು. ಎರಡು ವರ್ಷದ ಮೇಲೆ ಕಾಕಾ ತೀರಿಕೊಂಡ ಸುದ್ದಿ ಬಂತು. ನನಗೆ ಇದೇ ತಾಲೂಕಿನಲ್ಲಿ ಮಾಸ್ತರಿಕೆ ಸಿಕ್ಕಿ ಈಗ ಮೂರು ವರ್ಷವಾಯಿತು. ಪಾರಿಶ್ವಾಡ ದೂರವೇನಲ್ಲ, ಚಕ್ಕಡಿಗಾಡಿ ಸಿಗುತ್ತವೆ. ಕಾಕೂ ಇನ್ನೂ ಇದ್ದಾರಂತೆ. ಹೋಗಿಲ್ಲ. ಹೋಗಿ ಏನು ಮಾಡಿ ತೋರಿಸಲಿ?

ಹೆಡ್‌ಮಾಸ್ತರರು ಆ ರವಿವಾರ ಕೊನೆಗೆ ಮಾಸಪತ್ರಿಕೆ ಮಡಚಿ, "ಮಾಸ್ತರ್ರ, ಎರಡ ಸಾವಿರದ ಇಸವಿ ಒಳಗ ಮಂದಿ ಹ್ಯಾಂಗ ಮಾತಾಡ್ತಾರ, ಒಂದೀಟ ಮಾಡಿ ತೋರಸ್ರೆಲಾ" ಎಂದು ನನ್ನತ್ತ ತಿರುಗಿದರು. ಎಲ್ಲರೂ ಆಗಲೇ ನಗಲು ಅಣಿಯಾಗಿದ್ದರು. ನಾನು ಒಂದು ಸಲ ಕೆಮ್ಮಿದೆ.

ಕೆಂಪು ಲಾಳಿಗೆ ಕೈ ಚಾಚುವವರು ಯಾರೂ ಅಲ್ಲಿರಲಿಲ್ಲ.