ಮೇಜಿನ ಆಚೆ ಕಡೆಯ ಕುರ್ಚಿ

ನಮ್ಮ ಹಾಸ್ಟೆಲಿನ ಹುಡುಗಿಯರೆಲ್ಲ ಬೇರೆ ದೇಶದಿಂದ ಜೀವ ಕೈಯಲ್ಲಿ ಹಿಡಿದು ಓಡಿಬಂದು, ಇಲ್ಲಿ ಆಶ್ರಯ ಕೇಳಿ ಕಾಯುತ್ತಿರುವವರು. ನಾನು ಅವರ ವಾರ್ಡನ್. ಒಬ್ಬಳಿಗೆ ಪಟಾಕಿ ಎಂದು ಹೆಸರಿಟ್ಟಿದ್ದೆ. ಮಾತಿಗೆ ನಿಂತರೆ ನನ್ನನ್ನೂ ಬಿಡುವವಳಲ್ಲ. ತಮ್ಮನ ಸುದ್ದಿ ಬಂದರೆ ಮಾತ್ರ ಬಾಯಿಗೆ ಬೀಗ. ಹದಿನಾರು ದಾಟಿದೆಯೆಂದು ಇವಳನ್ನು ಇಲ್ಲಿಗೆ, ದಾಟಿಲ್ಲವೆಂದು ಅವನನ್ನು ಇನ್ಯಾವುದೋ ಊರಿನ ಮಕ್ಕಳ ನಿಲಯಕ್ಕೆ ಹಾಕಿದ್ದರು. ಸುಡುಗಾಡು ನಿಯಮ!

ಆ ನಿಯಮ ಬದಲಿಸಬೇಕೇ ಎಂದು ಸರ್ಕಾರದ ಸಮಿತಿಗೆ ವರದಿ ಕೊಡಲು ಒಬ್ಬ ಸಂಶೋಧಕಿ ಬಂದರು. "ಹುಡುಗೀರನ್ನ ಹುಡುಗೀರೇ ಕೇಳ್ಲಿ, ನಾನು ಪಕ್ಕದಲ್ಲಿರ್ತೀನಿ" ಅಂದರು. ಪಟಾಕಿಯೇ ಮುಂದೆ ಬಂದಳು. ವರದಿ ಗಟ್ಟಿಯಾದರೆ ತಮ್ಮ ಬರುತ್ತಾನೆ. ಅವಳ ತಲೆಯಲ್ಲಿದ್ದದ್ದು ಅದೊಂದೇ.

ಮೊದಲ ದಿನ ಊಟದ ಕೋಣೆಯಲ್ಲಿ, ಮೇಜಿನ ಆಚೆ, ಹೊಸದಾಗಿ ಬಂದ ಹುಡುಗಿಯನ್ನು ಕೂರಿಸಿದಳು. ಅವಳ ತಮ್ಮನೂ ಅದೇ ನಿಲಯದಲ್ಲಿದ್ದ.

"ತಮ್ಮನ್ನ ಕೊನೇ ಸಲ ಎಲ್ಲಿ ನೋಡ್ದೆ?"

"ಬಸ್ಸಲ್ಲಿ."

"ಮೊನ್ನೆ ಗೇಟ್ ಹತ್ರ ಅಂದೆ, ಈಗ ಬಸ್ಸು ಅಂತೀಯ. ಯಾವುದು ನಿಜ? ಅವನು ನಿನ್ನ ತಮ್ಮನೇ ಅನ್ನೋದಕ್ಕೆ ಏನು ಸಾಕ್ಷಿ?"

ಹುಡುಗಿ ಬಿಳಿಚಿಕೊಂಡಳು. ಕೈ ತಾಗಿ ನೀರಿನ ಲೋಟ ಉರುಳಿತು. "ನನ್ನ ವಾಪಸ್ ಕಳಿಸ್ಬೇಡಿ" ಎಂದು ಗೋಳೋ ಎಂದು ಅತ್ತಳು. ನನಗೆ ಮೈಯೆಲ್ಲ ಉರಿದುಹೋಯಿತು.

"ಏನೇ ಇದು? ಪೊಲೀಸ್ ಆಗ್ಬಿಟ್ಯಾ?"

ಪಟಾಕಿ ಕಣ್ಣು ಕಣ್ಣು ಬಿಟ್ಟಳು. "ಮತ್ತೆ ಹೇಗೆ ಕೇಳೋದು ಆಂಟಿ? ನನ್ನನ್ನ ಆಫೀಸರುಗಳೆಲ್ಲ ಕೇಳಿದ್ದು ಹೀಗೇ ಅಲ್ವಾ?"



ಸಂಶೋಧಕಿ ಪೆನ್ನು ಮುಚ್ಚಿದರು. "ಸಾಕು. ನಾಳೆಯಿಂದ ನಾನೇ ಕೇಳ್ತೀನಿ." ಉಳಿದ ಹುಡುಗಿಯರು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಇನ್ನು ಇವರಲ್ಲಿ ಯಾರು ಬಾಯಿ ಬಿಟ್ಟಾರು? ವರದಿಯೇ ಹೋಯಿತಲ್ಲಪ್ಪಾ ಅಂದುಕೊಂಡೆ.

ಪಟಾಕಿ ಎದ್ದು ಚೆಲ್ಲಿದ ನೀರು ಒರೆಸಿದಳು. ಸಂಶೋಧಕಿ ಬರೆದುಕೊಟ್ಟಿದ್ದ ಪ್ರಶ್ನೆಯ ಹಾಳೆಯನ್ನು ಆ ಹುಡುಗಿಯ ಕೈಗೆ ಕೊಟ್ಟು, ಅವಳನ್ನು ಎಬ್ಬಿಸಿ, ಅವಳ ಕುರ್ಚಿಯಲ್ಲಿ ತಾನು ಕೂತಳು.

"ನೀನು ಕೇಳು ನನ್ನನ್ನ. ಏನು ಬೇಕಾದ್ರೂ ಕೇಳು."

ಹುಡುಗಿ ಮೂಗು ಒರೆಸಿಕೊಂಡಳು. ಹಾಳೆಯತ್ತ ನೋಡಲೇ ಇಲ್ಲ.

"ನಿನ್ನ ತಮ್ಮ ಒಬ್ನೇ ಮಲಗ್ತಾನಾ?"

"ಇಲ್ಲ ಕಣೇ. ಅವನಿಗೆ ಭಯ. ನನ್ನ ಅಂಗಿ ತುದಿ ಹಿಡ್ಕೊಂಡೇ..."

 ನಮ್ಮ ಪಟಾಕಿ ಅತ್ತದ್ದನ್ನು ನಾನು ಅಂದೇ ನೋಡಿದ್ದು. ಬಾಗಿಲಲ್ಲಿದ್ದವರು ಒಬ್ಬೊಬ್ಬರಾಗಿ ಒಳಗೆ ಬಂದು ಕೂತರು, ಮಾತಾಡಿದರು. ಸಂಶೋಧಕಿ ಮತ್ತೆ ಪೆನ್ನು ತೆಗೆದರು.

ನಿಯಮ ಬದಲಾಯಿತು, ಒಡಹುಟ್ಟಿದವರು ಒಟ್ಟಿಗಿರಬಹುದು. ಆದರೆ ಈ ವರ್ಷ ಬಂದವರಿಗೆ ಮಾತ್ರ. ಪಟಾಕಿ ಬಂದದ್ದು ಹೋದ ವರ್ಷ. ಅವರ ಆದೇಶಕ್ಕಿಷ್ಟು ಬೆಂಕಿ ಹಾಕ!

ಆ ಹುಡುಗಿಯ ತಮ್ಮ ಬರುವ ದಿನ, ಅಕ್ಕ ತಮ್ಮನಿಗೆಂದು ತೆರವು ಮಾಡಿದ ಮಹಡಿ ಕೋಣೆಗೆ ಹಾಸಿಗೆ ಹಾಸಲು ಹೋದೆ. ಪಟಾಕಿ ಆಗಲೇ ಅಲ್ಲಿದ್ದಳು. ಎರಡು ಮಂಚಗಳನ್ನು ಎಳೆದು ಒತ್ತಿಗೊತ್ತಿ ಸೇರಿಸುತ್ತಿದ್ದಳು.

"ದೂರ ಇದ್ರೆ ಅವನ ಕೈಗೆ ಅಂಗಿ ಎಟುಕಲ್ಲ ಆಂಟಿ" ಅಂದಳು, ನನ್ನ ಮುಖ ನೋಡದೆ.